ದ್ವೀಪದ ಕೈಮಾತು

ಅಕ್ಕನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುತ್ತಿರಲಿಲ್ಲ. ಅವಳ ಮಾತೆಲ್ಲ ಕೈಯಲ್ಲಿ. ಅದರಲ್ಲಿ ಅರ್ಧ ಶಾಲೆಯಲ್ಲಿ ಕಲಿತದ್ದು, ಉಳಿದರ್ಧ ಅಕ್ಕತಂಗಿ ಇಬ್ಬರೂ ಒಂದೇ ಹಾಸಿಗೆಯಲ್ಲಿ ಕೂತು ಕಟ್ಟಿಕೊಂಡದ್ದು. ಗಲ್ಲದ ಮೇಲೆ ಬೆರಳಿಟ್ಟರೆ ಅಮ್ಮ. ಅಮ್ಮನಿಗೆ ಅಲ್ಲೊಂದು ಮಚ್ಚೆಯಿತ್ತು. ಹೆಬ್ಬೆರಳಿನಿಂದ ಮೂಗು ಒರೆಸಿಕೊಂಡರೆ ‘ನಂಬಬೇಡ, ಬರೀ ಬುರುಡೆ’. ಅಂಗೈಯನ್ನು ಮೆಲ್ಲಗೆ ಮಗುಚಿದರೆ, ಅದಕ್ಕೆ ಸರಿಯಾದ ಪದವೇ ಇಲ್ಲ. ‘ಒಳಗೊಳಗೇ ಒಂಥರಾ ಆಗ್ತಿದೆ, ಪಕ್ಕ ಬಂದು ಕೂತ್ಕೋ’ ಎಂದು ಉದ್ದಕ್ಕೆ ಬಿಡಿಸಿ ಹೇಳಬೇಕು.

ಮದುವೆಯಾಗಿ ಅಕ್ಕ ಸಮುದ್ರದ ನಡುವಿನ ದ್ವೀಪಕ್ಕೆ ಹೋದಳು. ಭಾವ ಅಲ್ಲಿನ ಹವಾಮಾನ ಕೇಂದ್ರದಲ್ಲಿ ಜನರೇಟರ್ ನೋಡಿಕೊಳ್ಳುತ್ತಿದ್ದರು. ಅಲ್ಲಿ ಸಿಗುವ ಇಂಟರ್‌ನೆಟ್ ನೂಲಿನೆಳೆಯಷ್ಟು. ವಿಡಿಯೋ ಕರೆಯಲ್ಲಿ ಅಕ್ಕ ಸುಮ್ಮನೆ ಕೂತಿದ್ದಷ್ಟು ಹೊತ್ತು ಚೆನ್ನಾಗಿಯೇ ಕಾಣುತ್ತಿದ್ದಳು. ಕೈ ಎತ್ತಿದಳೋ, ಬೆರಳುಗಳೆಲ್ಲ ಕಲಸಿದ ಹಿಟ್ಟಿನ ಹಾಗೆ ಒಂದಾಗಿಬಿಡುತ್ತಿದ್ದವು. ಆಗ ಭಾವ ಫೋನು ತಮ್ಮ ಕಡೆ ತಿರುಗಿಸಿಕೊಂಡು, ಅವಳು ಅಷ್ಟು ಹೊತ್ತು ಆಡಿದ್ದನ್ನೆಲ್ಲ ಒಂದೇ ಮಾತಿಗಿಳಿಸುತ್ತಿದ್ದರು.

“ಆರಾಮಿದಾಳಂತೆ.”

“ಅಷ್ಟೇನಾ ಭಾವ?”

“ಅಷ್ಟೇ ಕಣಮ್ಮ. ಆಮೇಲೆ ಏನೋ ಕೋಳಿ ವಿಷಯ.”

ಮೆಸೇಜಿನಲ್ಲಿ ಅಕ್ಕ ಅಕ್ಕನಂತಿರುತ್ತಿರಲಿಲ್ಲ. ‘ಹೇಗಿದ್ದೀಯ, ನಾನು ಚೆನ್ನಾಗಿದ್ದೇನೆ’ ಎಂದು ಯಾರೋ ದೂರದ ನೆಂಟರ ಹಾಗೆ ಬರೆಯುತ್ತಿದ್ದಳು. ತಂಗಿ ಓದಿ, ಫೋನು ಮಗುಚಿಡುತ್ತಿದ್ದಳು.

ತಂಗಿಯ ಕೆಲಸ ಒಂದು ಚಿಕ್ಕ ಕಂಪನಿಯಲ್ಲಿ. ಅಂಗೈಯಗಲದ ಬೋರ್ಡಿಗೆ ಕ್ಯಾಮೆರಾ ಸಿಕ್ಕಿಸಿ, ವಿಡಿಯೋವನ್ನು ಹಿಂಡಿ ಚಿಕ್ಕದು ಮಾಡಿ, ಇನ್ನೊಂದು ಬೋರ್ಡಿಗೆ ಕಳಿಸಿ, ಅಲ್ಲಿ ಮತ್ತೆ ಬಿಚ್ಚಿ ಪರದೆಯ ಮೇಲೆ ತೋರಿಸುವುದು. ಬಂದ ಕ್ಲೈಂಟುಗಳಿಗೆ ಈ ಡೆಮೊ ತೋರಿಸಿ ತೋರಿಸಿ ಅವಳಿಗೆ ಬೋರ್ಡಿನ ಜೊತೆ ಬಂದಿದ್ದ ಮಾದರಿ ವಿಡಿಯೋ ಬಾಯಿಪಾಠವಾಗಿತ್ತು. ಒಂದು ಕಾರಂಜಿ, ಅದರ ಸುತ್ತ ಗಾಳಿಗೆ ತಲೆದೂಗುವ ಹೂವುಗಳು.

ದೂರದ ಹವಾಮಾನ ಕೇಂದ್ರಗಳ ಯಂತ್ರಗಳನ್ನು ಕೂತಲ್ಲಿಂದಲೇ ನೋಡಬೇಕೆಂಬ ಕ್ಲೈಂಟ್ ಒಮ್ಮೆ ಬಂದರು. ಅವರು ಹೇಳಿದ ಪಟ್ಟಿಯಲ್ಲಿ ಭಾವನ ಕೇಂದ್ರವೂ ಇತ್ತು. ಅವರು ಹೋದ ಮೇಲೆ ಅವಳು ಕಾರಂಜಿ ತೆಗೆದು, ಅಕ್ಕ ತಾರಸಿಯಲ್ಲಿ ನಿಂತು ಮಾತಾಡುತ್ತಿದ್ದ ಹಳೆಯ ವಿಡಿಯೋ ಹಾಕಿ, ದ್ವೀಪದ ಇಂಟರ್‌ನೆಟ್ಟಿನಷ್ಟೇ ಕಿರಿದು ಮಾಡಿ ಓಡಿಸಿದಳು. ಅಕ್ಕನ ಹಿಂದೆ ಒಣಹಾಕಿದ್ದ ಹಾಸುಬಟ್ಟೆಯ ಗೆರೆಗಳು ಒಂದೂ ಬಿಡದೆ ಬಂದವು. ಬೆರಳು ಮಾತ್ರ ಅದೇ ಹಿಟ್ಟು.

ಮ್ಯಾನೇಜರ್ ಕಾಫಿ ಲೋಟ ಹಿಡಿದು ಬಂದು ಹಿಂದೆ ನಿಂತರು. “ಹೂವು ಚೆನ್ನಾಗೇ ಬರ್ತಿತ್ತಲ್ಲಮ್ಮ. ಇದನ್ಯಾಕೆ ಹಾಕಿದೆ?”

“ಹೂವು ಏನೂ ಹೇಳ್ತಿರ್ಲಿಲ್ಲ ಸರ್. ಇವಳು ಹೇಳ್ತಿದಾಳೆ.”

“ಅವರಿಗೆ ಬೇಕಿರೋದು ಯಂತ್ರ, ಕೈಯಲ್ಲ.”

“ತಿರುಗೋ ಚಕ್ರಾನೂ ಹೀಗೇ ಕಲಸಿಹೋಗುತ್ತೆ ಸರ್.”

ಅವರು ತಲೆ ಕೆರೆದುಕೊಂಡರು. “ಸರಿ, ನೋಡು. ಆದ್ರೆ ಕಾರಂಜಿ ಕೆಟ್ಟರೆ ನೀನೇ ರಿಪೇರಿ ಮಾಡ್ಬೇಕು.”

ಅಲ್ಲಿಂದ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಬೆರಳು ತಿಳಿಯಾದರೆ ಮುಖ ಮಸುಕು, ಮುಖ ತಿಳಿಯಾದರೆ ಬೆರಳು ಮಾಯ. ಹುಬ್ಬು ಕಾಣದಿದ್ದರೆ ಕೈಮಾತಿನಲ್ಲಿ ಪ್ರಶ್ನೆ ಯಾವುದು, ಉತ್ತರ ಯಾವುದು ತಿಳಿಯುವುದಿಲ್ಲ. ಚಿತ್ರವನ್ನು ಚಿಕ್ಕದು ಮಾಡಿದಳು. ನಡುನಡುವೆ ಚಿತ್ರಗಳನ್ನು ಕೈಬಿಡುವ ಬೋರ್ಡಿನ ಚಾಳಿ ಬಿಡಿಸಿದಳು. ಅಲುಗದ ಗೋಡೆ, ಬಟ್ಟೆಗಳಿಗೆ ಜಿಪುಣತನ, ಅಲುಗುವ ಜಾಗಕ್ಕೆ ಧಾರಾಳ. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ, ಪರದೆಯಲ್ಲಿ ಅಕ್ಕನ ಅಂಗೈ ಬೆರಳು ಬೆರಳಾಗಿ ಮೆಲ್ಲಗೆ ಮಗುಚಿಕೊಂಡಿತು. ತಂಗಿ ಎದ್ದು ಕಿಟಕಿಯ ಬಳಿ ಹೋಗಿ ಕಣ್ಣೊರೆಸಿಕೊಂಡಳು.

ಕ್ಲೈಂಟ್ ಒಪ್ಪಿದರು. ಮೊದಲ ಪರೀಕ್ಷೆ ಭಾವನ ಕೇಂದ್ರದಲ್ಲೇ ಆಗಲಿ ಎಂದು ಅವಳು ದುಂಬಾಲು ಬಿದ್ದಳು. ಸಾಮಾನಿನ ಹಡಗಿನಲ್ಲಿ ಬೋರ್ಡು, ಕ್ಯಾಮೆರಾ, ಪರದೆ ದ್ವೀಪ ಸೇರಿದವು. ಅಂಥದೇ ಇನ್ನೊಂದು ಜೊತೆ ತಂಗಿಯ ಮುಂದಿತ್ತು. ಜನರೇಟರಿನ ಚಕ್ರ ತೋರಿಸಿ ಪರೀಕ್ಷೆ ಮುಗಿದ ಮೇಲೆ ಭಾವ ಕ್ಯಾಮೆರಾವನ್ನು ಅಕ್ಕನ ಕಡೆ ತಿರುಗಿಸಿದರು.

ಎಷ್ಟು ತೆಳ್ಳಗಾಗಿದ್ದಳು! ಆದರೆ ಕೈಗಳು ಅವೇ. ಅವು ಹಕ್ಕಿ ಹಾರಿದ ಹಾಗೆ ಓಡಿದವು. ತಂಗಿ ಕಣ್ಣು ಕೀಲಿಸಿ ನೋಡಿದಳು. ಎಲ್ಲ ಕಾಣುತ್ತಿತ್ತು, ಅರ್ಧಕ್ಕರ್ಧ ಅರ್ಥವಾಗಲಿಲ್ಲ. ಗಾಳಿಗೆ, ಅಲೆಗೆ, ಕೋಳಿ ಕದಿಯುವ ಹಕ್ಕಿಗೆ ಅಕ್ಕ ಹೊಸ ಹೊಸ ಸನ್ನೆ ಕಟ್ಟಿಕೊಂಡಿದ್ದಳು. ತಂಗಿಯ ಕೈಗಳಿಗೂ ತುಕ್ಕು ಹಿಡಿದಿತ್ತು. ‘ನಿಧಾನ’ ಎಂದು ಹೇಳಲು ಹೋಗಿ ‘ನಿದ್ದೆ’ ಎಂದಳು. ಅಕ್ಕ ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಎಳೆಮಗುವಿಗೆ ಹೇಳಿಕೊಡುವಂತೆ ಒಂದೊಂದಾಗಿ ಹೇಳಿಕೊಟ್ಟಳು.

ಒಂದು ಸನ್ನೆ ಮಾತ್ರ ಮತ್ತೆ ಮತ್ತೆ ಬಂತು. ತೋರುಬೆರಳನ್ನು ಇನ್ನೊಂದು ಕೈಯ ಮುಷ್ಟಿಯೊಳಗೆ ಹಿಡಿದು, ಎರಡು ಸಲ ಮೆತ್ತಗೆ ಅಲ್ಲಾಡಿಸುವುದು. ಅದೇನೆಂದು ಕೇಳಿದರೆ ಅಕ್ಕನ ಕೈಗಳು ಮಡಿಲಿಗಿಳಿದವು.

“ಭಾವ, ಅದೇನು?”

ಭಾವ ಕ್ಯಾಮೆರಾದ ಹಿಂದಿನಿಂದಲೇ ಹೇಳಿದರು. “ಅದು ಹೆಸರು ಕಣಮ್ಮ. ಮಗೂಗೆ ಅಂತ ಅವಳು ಇಟ್ಟಿದ್ದು. ಊರಿಗೆ ಬಂದೇ ಎಲ್ಲರಿಗೂ ಹೇಳೋಣ ಅಂತಿದ್ವಿ. ಮಳೆಗಾಲದಲ್ಲಿ ಹೊಟ್ಟೇಲೇ ಹೋಗ್ಬಿಡ್ತು, ಆರು ತಿಂಗಳಾಗಿತ್ತು. ಅವಳು ಅವತ್ತಿಂದ ನಿನಗೆ ಹೇಳ್ತಾನೇ ಇದ್ಲು. ಬರೆಯೋಕೆ ಅವಳ ಕೈಲಾಗ್ಲಿಲ್ಲ, ಹೇಳೋಕೆ ನನಗೆ ಬಾಯಿ ಬರ್ಲಿಲ್ಲ.”

ತಂಗಿ ಬೈಯಲಿಲ್ಲ. ಕ್ಯಾಮೆರಾದ ಮುಂದೆ ಎರಡೂ ಕೈ ತಂದು, ತೋರುಬೆರಳನ್ನು ಮುಷ್ಟಿಯಲ್ಲಿ ಹಿಡಿದು, ಎರಡು ಸಲ ಮೆತ್ತಗೆ ಅಲ್ಲಾಡಿಸಿದಳು. ಆ ಹೆಸರನ್ನು ತವರಿನವರೊಬ್ಬರು ಹೇಳಿದ್ದನ್ನು ಅಕ್ಕ ಅಂದೇ ಮೊದಲು ನೋಡಿದ್ದು. ಅವಳು ಪರದೆಯ ಹತ್ತಿರ ಸರಿದು ಸರಿದು, ಕೊನೆಗೆ ಅವಳ ಹಣೆಯಷ್ಟೇ ಕಾಣುತ್ತಿತ್ತು.

ಮರುದಿನ ತಂಗಿ ಮ್ಯಾನೇಜರ್ ಮುಂದೆ ನಿಂತು ರಜೆ ಕೇಳಿದಳು.

“ಬೋರ್ಡು ಕೈಕೊಡ್ತಾ?”

“ಇಲ್ಲ ಸರ್, ಚೆನ್ನಾಗಿದೆ. ಅಕ್ಕನ್ನ ನೋಡ್ಬೇಕು.”

ಮುಂದಿನ ಹಡಗು ಸಮುದ್ರ ಶಾಂತವಾದ ಮೇಲೆಯೇ. ಅಲ್ಲಿಯವರೆಗೆ ದಿನವೂ ಸಂಜೆ ಇಬ್ಬರೂ ಪರದೆಯ ಎದುರು ಕೂತರು. ಮಾತು ಸಿಕ್ಕಂತೆಲ್ಲ ತಂಗಿಯ ಹಂಬಲ ಹೆಚ್ಚುತ್ತಲೇ ಹೋಯಿತು. ಹಡಗು ಹೊರಡುವ ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲೇ ಬಂದರಿಗೆ ಹೋಗಿ, ಹತ್ತುವ ಮೆಟ್ಟಿಲು ಇಳಿಸುವುದನ್ನೇ ಕಾಯುತ್ತ ನಿಂತಳು.