ನಿಧಾನ ಒತ್ತು, ಅಕ್ಕಾ

ಅಕ್ಕನ ಕನ್ನಡಕದಲ್ಲಿ ಎರಡು ಹಳದಿ ದೀಪಗಳು ತೇಲುತ್ತಿವೆ, ಒಂದು ಇಂಜಿನ್ನಿನ ಆಕಾರದ್ದು, ಇನ್ನೊಂದು ಎರಡು ಕಮಾನುಗಳ ನಡುವೆ ಸಿಕ್ಕಿಕೊಂಡ ಮಿಂಚಿನ ಗೆರೆ, ಅದು ಥ್ರಾಟಲ್ ದೀಪ, ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲಿನದು — ಕೆಳಗಿನಿಂದ ಎಷ್ಟು ಚೆಂದ ಕಾಣುತ್ತವೆ, ಕೊಳದ ನೀರಿಗೆ ಬಿದ್ದ ಬೆಳಕಿನ ಹಾಗೆ — ಬಾಗಿಲ ಬದಿ ಮಂಡಿಯೂರಿ ಸ್ಟಿಯರಿಂಗಿನ ಕೆಳಗೆ ತಲೆ ತೂರಿಸಿರುವ ನಾನು ಮೆಕ್ಯಾನಿಕ್ಕು, ದೀಪ ನೋಡಿ ಮೈಮರೆಯುವವಳಲ್ಲ, ಆದರೂ ಮೂರು ವರ್ಷದ ಮೇಲೆ ಈ ಮುಖ ಇಷ್ಟು ಹತ್ತಿರ, ಒತ್ತಲಾ ಎಂದು ಕೇಳುತ್ತಾಳೆ, ಒತ್ತು, ನಿಧಾನ ಒತ್ತು ಅಕ್ಕಾ, ಇಂಜಿನ್ ಆಫ್ ಇದೆ, ಹೆದರಬೇಡ, ಅವಳ ಬರಿಗಾಲು ಪೆಡಲಿನ ಮೇಲೆ ಇಳಿಯುತ್ತದೆ, ಚಪ್ಪಲಿ ಕಳಚಿಟ್ಟೇ ಕಾರು ಓಡಿಸುವುದು ಅವಳ ಅಭ್ಯಾಸ, ಕಾರಿಗೆ ಸಿಕ್ಕಿಸಿ ದೋಷ ಓದುವ ನನ್ನ ಕೈಯ ಸ್ಕ್ಯಾನರಿನಲ್ಲಿ ಅಂಕಿಗಳು ಏರುತ್ತವೆ, ಹತ್ತು, ಇಪ್ಪತ್ತು, ಮೂವತ್ತು, ಅಲ್ಲಿಗೆ ಒಂದು ಸಾಲು ಧೊಪ್ಪನೆ ಸೊನ್ನೆಗೆ ಬೀಳುತ್ತದೆ, ಇನ್ನೊಂದು ಏರುತ್ತಲೇ ಇದೆ. ಸಿಕ್ಕಿತು. ಪೆಡಲಿನೊಳಗೆ ಇಬ್ಬರು ಸಾಕ್ಷಿಗಳಿದ್ದ ಹಾಗೆ, ಕಾಲು ಎಷ್ಟು ಒತ್ತಿತೆಂದು ಇಬ್ಬರೂ ಒಂದೇ ಮಾತು ಹೇಳಬೇಕು, ಒಬ್ಬ ಹೌದು ಇನ್ನೊಬ್ಬ ಅಲ್ಲ ಎಂದರೆ ಕಾರಿನ ಕಂಪ್ಯೂಟರು ಯಾರನ್ನೂ ನಂಬುವುದಿಲ್ಲ, ದೀಪ ಹಚ್ಚಿ ಶಕ್ತಿ ಕಿತ್ತುಕೊಳ್ಳುತ್ತದೆ, ಆಮೇಲೆ ಎಷ್ಟು ಒತ್ತಿದರೂ ಬರೀ ತೆವಳುತ್ತದೆ. ಹಾಗೇ ಆಯ್ತು ಕಣೇ, ದೊಡ್ಡ ರಸ್ತೆ ಮಧ್ಯ, ಒತ್ತುತ್ತಾನೇ ಇದೀನಿ, ಹೋಗ್ತಾನೇ ಇಲ್ಲ, ಹಿಂದೆ ಲಾರಿ, ಹಾರನ್ನು, ಪಾಪು ಹಿಂದಿನ ಸೀಟಲ್ಲಿ ನಿದ್ದೆ — ಬಂದಾಗಲೇ ಹೇಳಿದ್ದಳು, ಹೇಳುವಾಗ ನನ್ನ ಮುಖ ನೋಡದೆ ಗೋಡೆಗೆ ನೇತುಹಾಕಿದ ಬೆಲ್ಟುಗಳನ್ನು ನೋಡುತ್ತಿದ್ದಳು, ಪಾಪುವನ್ನು ಶಾಲೆಗೆ ಬಿಟ್ಟು ತೆವಳಿಕೊಂಡು ಬಂದಿದ್ದಾಳೆ, ದಾರಿಯಲ್ಲಿ ಎರಡು ಗ್ಯಾರೇಜು ದಾಟಿ.

ಇನ್ನೊಂದ್ಸಲ ಒತ್ತು, ಎನ್ನುತ್ತೇನೆ, ಬೇಕಾಗಿಲ್ಲ, ಆದರೂ ಎನ್ನುತ್ತೇನೆ, ಪಾದ ಇಳಿಯುತ್ತದೆ ಏರುತ್ತದೆ, ಕಿರುಬೆರಳು ಹಾಗೇ ಒಳಕ್ಕೆ ಮಡಚಿದೆ, ಹಿಮ್ಮಡಿ ಮಾತ್ರ ಒಡೆದಿದೆ, ಚಿಕ್ಕಂದಿನಲ್ಲಿ ಮಧ್ಯಾಹ್ನ ಅಮ್ಮ ಅಡ್ಡಾದರೆ ಅವಳ ಹೊಲಿಗೆ ಯಂತ್ರವೇ ನಮ್ಮ ಕಾರು, ಅಕ್ಕ ಸ್ಟೂಲಿನ ಮೇಲೆ ಡ್ರೈವರು, ನಾನು ಕೆಳಗೆ ಇಂಜಿನ್ನು, ಬಾಯಲ್ಲೇ ಡುರ್ರ್ ಅನ್ನುತ್ತ, ಎಲ್ಲಿಗೆ ಹೋಗೋಣ ಇಂಜಿನ್ನಮ್ಮಾ, ಸಮುದ್ರಕ್ಕೆ, ಕಬ್ಬಿಣದ ತುಳಿಹಲಗೆ ಮೇಲೆ ಕೆಳಗೆ, ಕೂದಲ ತುಂಬ ದಾರದ ಚೂರು, ಸಮುದ್ರ ಬಂತಾ, ಬರ್ತಿದೆ ಬರ್ತಿದೆ, ಅಲೆ ಕೇಳಿಸ್ತಿಲ್ವಾ, ನಿಜಕ್ಕೂ ಕೇಳಿಸುತ್ತಿತ್ತು — ಏನಾಗಿದ್ಯೇ, ತುಂಬಾ ಕೆಟ್ಟಿದ್ಯಾ, ಇಲ್ಲ, ಪೆಡಲ್ ಬದಲಾಯಿಸಿದ್ರೆ ಆಯ್ತು, ಅಷ್ಟೇನಾ, ನಿನ್ನೇನೇ ದೀಪ ಹತ್ತಿತ್ತು, ಬೆಳಿಗ್ಗೆ ನಿಮ್ಮ ಭಾವ ಕಾರಲ್ಲಿ ಒಂದ್ನಿಮಿಷ ಕೂತು ಬಂದು ನೋಡು ಹೋಯ್ತು ಅಂದ್ರು, ನಿಜವಾಗ್ಲೂ ಹೋಗಿತ್ತು. ನನ್ನ ಹೆಬ್ಬೆರಳು ಸ್ಕ್ಯಾನರಿನ ಗುಂಡಿಯ ಮೇಲೆ ನಿಲ್ಲುತ್ತದೆ. ಒತ್ತಿದರೆ ಮುಂದಿನ ಪುಟ. ಒತ್ತುತ್ತೇನೆ. ದೋಷ ಅಳಿಸಿದ ಮೇಲೆ ಓಡಿದ ದೂರ, ಒಂಬತ್ತು ಕಿಲೋಮೀಟರು, ಅವರ ಮನೆಯಿಂದ ಶಾಲೆ, ಶಾಲೆಯಿಂದ ಇಲ್ಲಿಗೆ.

ಭಾವ ಹಳೆಯ ಕಾರು ಮಾರುವವರು, ಮೂರು ವರ್ಷದ ಹಿಂದೆ ಇಂಥದೇ ದೀಪದ ಕಾರು ಕಳಿಸಿ, ರಿಪೇರಿ ಗಿಪೇರಿ ಬೇಡಮ್ಮ, ದೀಪ ಅಳಿಸಿಬಿಡು ಸಾಕು, ಸಂಜೆ ಗಿರಾಕಿ ಬರ್ತಾನೆ ಎಂದಿದ್ದರು, ಅಳಿಸಿದರೆ ದೀಪ ಆರುತ್ತದೆ, ರೋಗ ಹಾಗೇ ಉಳಿಯುತ್ತದೆ, ನಾನು ಅಳಿಸಲಿಲ್ಲ, ಗಿರಾಕಿಗೆ ಹೇಳಿಬಿಟ್ಟೆ, ಅಕ್ಕ ಫೋನಿನಲ್ಲಿ ನಮ್ಮ ಹೊಟ್ಟೆ ಮೇಲೆ ಹೊಡೆಯೋಕೆ ನೀನೇ ಬೇಕಿತ್ತಾ ಎಂದಳು, ಅದೇ ಕೊನೆಯ ಮಾತು, ಆಮೇಲೆ ಅಳಿಸೋಕೆಂದು ಭಾವನೇ ಒಂದು ಪುಟ್ಟ ಸ್ಕ್ಯಾನರು ಕೊಂಡುಕೊಂಡರಂತೆ — ಈಗ ಸುಮ್ಮನಿದ್ದುಬಿಡಬಹುದು, ಪೆಡಲು ಹಾಕಿ ಕೈ ಒರೆಸಿಕೊಂಡು ನಗಬಹುದು, ಅಕ್ಕ ಮತ್ತೆ ಬಂದಾಳು, ಪಾಪುವನ್ನೂ ಕರೆತಂದಾಳು, ಸ್ಟೂಲಿನ ಮೇಲೆ ಕೂರಿಸಿದರೆ ಎಲ್ಲಿಗೆ ಹೋಗೋಣ ಎಂದು ಕೇಳೀತು ಅದು, ಹೇಳಿದರೆ ಮತ್ತೆ ಮೂರು ವರ್ಷವೋ, ಮೂವತ್ತೋ, ಯಾಕೆ ಸುಮ್ಮನಾದೆ, ಏನಿಲ್ಲ, ನೀನು ಏನಿಲ್ಲ ಅಂದ್ರೆ ಏನೋ ಇದೆ, ಹೇಳೇ, ನಿನ್ನ ಹತ್ರ ಯಾಕೆ ಬಂದೆ ಅಂದ್ಕೊಂಡಿದೀಯ. ಕನ್ನಡಕ ತೆಗೆದಿದ್ದಾಳೆ. ಅಕ್ಕಾ, ದೀಪ ತಾನಾಗಿ ಹೋಗಿರಲಿಲ್ಲ. ಅಳಿಸಿದ್ದು. ಬೆಳಿಗ್ಗೆ, ನೀನು ಹೊರಡೋ ಮೊದಲು. ರಸ್ತೆಯಲ್ಲಿ ಯಾರದೋ ಸೈಕಲ್ಲಿನ ಗಂಟೆ ಹೋಗುತ್ತದೆ, ತಗಡಿನ ಮಾಡು ಬಿಸಿಲಿಗೆ ಟಿಕ್ಕೆನ್ನುತ್ತದೆ, ಅವಳು ಬೈಯುವಳೆಂದು ಕಾಯುತ್ತೇನೆ, ಬೈಯುವುದಿಲ್ಲ. ಪಾಪುಗೆ ಬೆಲ್ಟ್ ಹಾಕಿದ್ದು ಅವರೇ ಕಣೇ, ಎನ್ನುತ್ತಾಳೆ, ಬಗ್ಗಿ ಹಾಕಿದ್ರು, ಮುತ್ತು ಕೊಟ್ಟು ಬಾಗಿಲು ಹಾಕಿದ್ರು. ಶಾಲೆ ಮಧ್ಯಾಹ್ನಕ್ಕೇ ಬಿಡುತ್ತೆ, ನಿನ್ನ ಗಾಡಿ ಕೀ ಕೊಡು, ಅವಳನ್ನ ಸೀದಾ ಇಲ್ಲಿಗೇ ಕರ್ಕೊಂಡು ಬರ್ತೀನಿ, ರಾತ್ರಿ ಮಲಗೋಕೆ ಜಾಗ ಇದ್ಯಾ. ಇದೆ ಎನ್ನುತ್ತೇನೆ, ಇದೆ ಇದೆ, ಗ್ರೀಸಿನ ಕೈಯಲ್ಲೇ ಕೀ ಚಾಚುತ್ತೇನೆ, ಅವಳು ತೆಗೆದುಕೊಳ್ಳುತ್ತಿಲ್ಲ, ಎದುರಿನ ಗೋಡೆಯನ್ನೇ ನೋಡುತ್ತಿದ್ದಾಳೆ, ಸಾಕು ಅಕ್ಕಾ, ಇನ್ನು ಒತ್ತಬೇಡ, ಪಾದ ಇಳಿಯುತ್ತಿದೆ, ತಳ ಮುಟ್ಟಿದೆ, ಬೆರಳುಗಳು ಬೆಳ್ಳಗಾಗಿವೆ, ಒಂದು ಸಾಲು ಸೊನ್ನೆ, ಇಂಜಿನ್ ಆಫ್ ಇದೆ, ಆ ಪಾದ ಏಳುತ್ತಿಲ್ಲ —