ಆಚೆ ಕೂತ ಮೂರು ದಿನ

ಕಾಫಿ ಲೋಟವನ್ನು ಪುಟ್ಟಮಲ್ಲಮ್ಮ ಸೊಸೆಯ ಎಡಗಡೆಯಿಂದ ಚಾಚಿದ್ದಳು. ಮಧುಶ್ರೀ ಕೈ ನೀಡಲಿಲ್ಲ, ತಿರುಗಿಯೂ ನೋಡಲಿಲ್ಲ. ತೊಡೆಯ ಮೇಲಿದ್ದ ಹೊಗೆಸೊಪ್ಪಿನ ಎಲೆಯನ್ನು ಬೆರಳಲ್ಲಿ ನೀವಿ, ಬಣ್ಣ ನೋಡಿ, ಎಡಗಡೆಯ ರಾಶಿಗೆ ಹಾಕಲು ಕೈ ಬೀಸಿದಳು. ಲೋಟ ಉರುಳಿತು. ಕಾಫಿ ಹಳದಿ ಎಲೆಗಳ ಮೇಲೆ ಹರಿಯಿತು.

"ನೋಡ್ದಾ ಚಿಕ್ಕಬಸಮ್ಮ? ನನ್ ಕೈಯಿನ ಕಾಫಿನೂ ಬ್ಯಾಡ್ವಂತೆ ಇವ್ಳಿಗೆ."

"ನೀವು ಅಲ್ಲಿದ್ದಿದ್ದು ಕಾಣ್ಲಿಲ್ಲ ಅತ್ತೆ."

"ಒಂದು ಮೊಳ ದೂರದಲ್ಲಿ ನಿಂತಿವ್ನಿ. ಕಾಣ್ಲಿಲ್ವಂತೆ."

ಗ್ರೇಡಿಂಗ್ ಕೆಲಸಕ್ಕೆ ಬರುತ್ತಿದ್ದ ಚಿಕ್ಕಬಸಮ್ಮ ಎಲೆಗಳಿಂದ ಕಣ್ಣು ತೆಗೆಯದೆ ನಕ್ಕಳು. "ಬುಡಕ್ಕ. ಓದಿದ್ ಸೊಸೆ ತಂದ್ರಿ. ಓದಿದೋರ ಕಣ್ಣು ಒಸಿ ಮೇಲ್ಗಡೆ ಇರ್ತವೆ."

ಮಧುಶ್ರೀ ನೆಂದ ಎಲೆಗಳನ್ನು ಸೆರಗಿನಿಂದ ಒತ್ತಿ ಒರೆಸಿದಳು. ಮತ್ತೇನೂ ಹೇಳಲಿಲ್ಲ. ಹೇಳದೆ ಇರುವುದೇ ಅವಳ ಸ್ವಭಾವವೆಂದು ಆ ಮನೆ ಬಹಳ ಹಿಂದೆಯೇ ತೀರ್ಮಾನಿಸಿತ್ತು.

ಬೆಟ್ಟದಪುರದಿಂದ ಎರಡು ಮೈಲಿ ದೂರದ ಆ ಊರಿನಲ್ಲಿ ದಸರಾ ಕಳೆದ ಮೇಲೆ ಎಲ್ಲರ ಜಗಲಿಯಲ್ಲೂ ಇದೇ ಕೆಲಸ. ಕಾವಿಗೆ ಬೆಂದು ಒಣಗಿದ ಹೊಗೆಸೊಪ್ಪನ್ನು ಬಣ್ಣ ನೋಡಿ ಬೇರೆ ಮಾಡಬೇಕು. ಹಳದಿ ಎಡಕ್ಕೆ, ಕಂದು ಬಲಕ್ಕೆ. ಮದುವೆಯಾಗಿ ಬಂದ ಮೊದಲ ವರ್ಷ ಮಧುಶ್ರೀಯ ಕೈಯನ್ನು ಪುಟ್ಟಮಲ್ಲಮ್ಮ ಬೀದಿಯಲ್ಲೆಲ್ಲ ಹೊಗಳಿದ್ದಳು. ಈಗ ಅದೇ ಕೈ ಹಳದಿಯನ್ನು ಚಿಕ್ಕಬಸಮ್ಮನ ಕಂದು ರಾಶಿಯ ಮೇಲೆ ಹಾಕುತ್ತಿತ್ತು. ಹಿಂದಿನ ವಾರ ಹರಾಜಿನಲ್ಲಿ ಸೊಪ್ಪಿನ ಎರಡು ಬೇಲನ್ನು ಬಿಚ್ಚಿ ನೋಡಿ, ಬಣ್ಣ ಬೆರೆತಿದೆಯೆಂದು ವಾಪಸ್ ಕಳಿಸಿದ್ದರು. ಬಾಗಿಲ ಚೌಕಟ್ಟಿಗೆ ಭುಜ ತಗುಲಿಸಿಕೊಳ್ಳುವುದು, ಬೀದಿಯಲ್ಲಿ ಪಕ್ಕದಿಂದ ಬಂದ ಹಿರಿಯರನ್ನು ಮಾತಾಡಿಸದೆ ನಡೆದುಬಿಡುವುದು, ಕರುವಿನ ಹಗ್ಗ ಎಡವಿ ಬೀಳುವುದು. ಪುಟ್ಟಮಲ್ಲಮ್ಮನಿಗೆ ಇವೆಲ್ಲ ಸೇರಿ ಒಂದೇ ಅರ್ಥ ಕೊಟ್ಟಿದ್ದವು. ಹುಡುಗಿಗೆ ಈ ಮನೆ ಬೇಡವಾಗಿದೆ.

ಮಕ್ಕಳೂ ಆಗಿರಲಿಲ್ಲ. ಹೋದ ವರ್ಷದ ಯುಗಾದಿಗೆ ಮುಂಚೆ ಒಮ್ಮೆ ಸೊಸೆ ತಿಂಗಳು ಕಳೆದು ಹದಿನೈದು ದಿನವಾದರೂ ಆಚೆ ಕೂತಿರಲಿಲ್ಲ. ಪುಟ್ಟಮಲ್ಲಮ್ಮ ಪಾಯಸ ಮಾಡಿ ನಾಲ್ಕು ಮನೆಗೆ ಕೊಟ್ಟಿದ್ದಳು. ಆಶಾ ಕಾರ್ಯಕರ್ತೆ ಪರೀಕ್ಷೆ ಮಾಡಿ ಇಲ್ಲ ಎಂದಳು. ಅದಾಗಿ ಎರಡು ದಿನಕ್ಕೆ ಮಧುಶ್ರೀ ಚಾಪೆ, ತಟ್ಟೆ, ಲೋಟ ತೆಗೆದುಕೊಂಡು ಹಿತ್ತಲಿನ ತಗಡಿನ ಮಾಡಿಗೆ ಹೋದಳು. ಆಮೇಲೆ ಒಂದು ತಿಂಗಳೂ ತಪ್ಪಲಿಲ್ಲ. ಆ ಮನೆಯಲ್ಲಿ ಮುಟ್ಟಾದವರು ಮೂರು ದಿನ ಮಾಡಿನಲ್ಲೇ ಇರಬೇಕು, ಸೊಪ್ಪು ಮುಟ್ಟಬಾರದು. ಪುಟ್ಟಮಲ್ಲಮ್ಮ ಅನ್ನ ಸಾರು ತಂದು ನೆಲದ ಮೇಲಿಟ್ಟು, ಕೈ ತಾಗದಂತೆ ತಟ್ಟೆಯನ್ನು ಮುಂದಕ್ಕೆ ತಳ್ಳುತ್ತಿದ್ದಳು. ಅವಳ ಅತ್ತೆ ಅವಳಿಗೆ ಹಾಗೆಯೇ ತಳ್ಳಿದ್ದಳು.

ಆ ಸಂಜೆ ಮಗ ಚೆಲುವರಾಜು ಹೊಲದಿಂದ ಬಂದು ಕೈಕಾಲು ತೊಳೆಯುತ್ತಿದ್ದಾಗ ಅವಳು ಮಾತು ತೆಗೆದಳು.

"ದೀಪಾವಳಿ ಕಳೀಲಿ. ಅವ್ಳನ್ನ ಸಾಲಿಗ್ರಾಮಕ್ಕೆ, ಅವ್ರ ಅವ್ವನ ಮನೆಗೆ ಬುಟ್ಬಾ."

"ಯಾಕವ್ವ?"

"ಇಲ್ಲಿರೋಕೆ ಮನಸಿಲ್ದೋಳ್ನ ಕಟ್ಟಾಕ್ಕೊಂಡು ಏನ್ ಮಾಡ್ತೀಯಾ? ಒಸಿ ದಿನ ಅಲ್ಲಿರ್ಲಿ. ಆಮ್ಯಾಕೆ ನೋಡಾನ."

ಆಮೇಲೆ ನೋಡುವುದು ಎಂದರೆ ಏನೆಂದು ಮೂವರಿಗೂ ಗೊತ್ತಿತ್ತು. ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತು, ಮತ್ತೆ ಶುರುವಾಯಿತು.

ಚೆಲುವರಾಜು ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಮೊದ್ಲು ಕಣ್ಣು ತೋರಿಸ್ತೀನಿ. ಕಾಣಲ್ಲ ಅಂತ ಅವ್ಳೇ ಹೇಳ್ತಾವ್ಳೆ. ಒಂದು ಕನ್ನಡಕ ಹಾಕ್ಸಿ ನೋಡಾನ."

ಪಿರಿಯಾಪಟ್ಟಣದ ಆಸ್ಪತ್ರೆಯಲ್ಲಿ ಕಣ್ಣು ಪರೀಕ್ಷೆ ಮಾಡುವ ರುದ್ರಸ್ವಾಮಿ ಗೋಡೆಯ ಮೇಲಿನ ಅಕ್ಷರ ಓದಿಸಿದರು. ಮಧುಶ್ರೀ ಕೊನೆಯ ಸಾಲಿನವರೆಗೂ ತಪ್ಪಿಲ್ಲದೆ ಓದಿದಳು. ಕನ್ನಡಕ ಬೇಕಿಲ್ಲ ಎಂದು ಅವರು ಚೀಟಿ ಬರೆಯತೊಡಗಿದರು. ಎದ್ದು ಹೊರಟ ಅವಳ ಭುಜ ಬಾಗಿಲಿಗೆ ತಗುಲಿದ ಸದ್ದಿಗೆ ಪೆನ್ನು ನಿಲ್ಲಿಸಿ, ಮತ್ತೆ ಕರೆದು ಕೂರಿಸಿದರು.

"ನನ್ನ ಮೂಗನ್ನೇ ನೋಡಮ್ಮ. ಕಣ್ಣು ಆಚೆ ಈಚೆ ಆಡಿಸಬೇಡ. ಬೆರಳು ಅಲ್ಲಾಡಿದ್ದು ಕಂಡರೆ ಹೇಳು."

ಅವರು ಎರಡೂ ಕೈ ಅಗಲಿಸಿ ಬೆರಳು ಅಲ್ಲಾಡಿಸಿದರು. ಬಾಗಿಲಲ್ಲಿ ನಿಂತಿದ್ದ ಚೆಲುವರಾಜನಿಗೆ ಅಲ್ಲಿಂದಲೇ ಕಾಣುತ್ತಿತ್ತು. ಮಧುಶ್ರೀ ಸುಮ್ಮನಿದ್ದಳು. ಅವರು ಕೈಗಳನ್ನು ನಿಧಾನವಾಗಿ ಹತ್ತಿರ ತಂದರು. ಬೆರಳುಗಳು ಹೆಚ್ಚುಕಡಿಮೆ ಅವಳ ಮುಖದ ಎದುರಿಗೇ ಬಂದಾಗ ಅವಳು, "ಈಗ ಕಂಡ್ತು" ಎಂದಳು.

ರುದ್ರಸ್ವಾಮಿ ಬರೆಯುತ್ತಿದ್ದ ಚೀಟಿಯನ್ನು ಹರಿದು ಬೇರೆ ಬರೆದರು. "ಮೈಸೂರಿಗೆ ಹೋಗಿ. ನಾಳೇನೇ ಹೋಗಿ. ಕಣ್ಣಿನ ನರ ನೋಡೋ ಡಾಕ್ಟರು ಬೇರೆ ಇದ್ದಾರೆ."

ಪುಟ್ಟಮಲ್ಲಮ್ಮ ತಾನೂ ಬರುತ್ತೇನೆಂದು ಹೊರಟಳು. ನರದ ಡಾಕ್ಟರು ಎಂದರೆ ತಲೆ ಕೆಟ್ಟವರಿಗೆ ಎಂದು ಚಿಕ್ಕಬಸಮ್ಮ ಹೇಳಿದ್ದಳು. ಅಂಥದ್ದೇನಾದರೂ ಇದ್ದರೆ ತನ್ನ ಕಿವಿಯಲ್ಲೇ ಕೇಳಬೇಕು ಎನಿಸಿತ್ತು.

ಮೈಸೂರಿನ ಆಸ್ಪತ್ರೆಯಲ್ಲಿ ಕತ್ತಲ ಕೋಣೆಯ ಯಂತ್ರಕ್ಕೆ ಮುಖ ಒಡ್ಡಿ ಮಧುಶ್ರೀ ಬಹಳ ಹೊತ್ತು ಕೂತಿದ್ದಳು. ಆಮೇಲೆ ಡಾಕ್ಟರ್ ನೀಲಾಂಬಿಕೆ ಅವರ ಮೇಜಿನ ಮೇಲೆ ಒಂದು ಕಾಗದ ಬಂತು. ಅದರಲ್ಲಿ ಎರಡು ದುಂಡನೆಯ ಚಿತ್ರಗಳು. ಎಡಗಣ್ಣಿನದರಲ್ಲಿ ಎಡ ಅರ್ಧ ಕಪ್ಪು, ಬಲಗಣ್ಣಿನದರಲ್ಲಿ ಬಲ ಅರ್ಧ ಕಪ್ಪು. ಡಾಕ್ಟರ್ ಅದನ್ನು ನೋಡಿ, ಪಕ್ಕಕ್ಕಿಟ್ಟು, ಬೇರೇನನ್ನೋ ಕೇಳಿದರು.

"ತಲೆನೋವು ಇದ್ಯಾ?"

"ಅದೆ."

"ತಿಂಗಳು ತಿಂಗಳು ಮುಟ್ಟು ಸರಿಯಾಗಿ ಆಗ್ತಾ ಇದ್ಯಾ?"

ಚೆಲುವರಾಜು ನೆಲ ನೋಡಿದ. ಪುಟ್ಟಮಲ್ಲಮ್ಮ ಮುಂದೆ ಬಂದಳು. "ಅದ್ರಲ್ಲೇನೂ ತೊಂದ್ರೆ ಇಲ್ಲ ಡಾಕ್ಟ್ರಮ್ಮ. ಲೆಕ್ಕ ಇಟ್ಟಂಗೆ ಆಯ್ತಳೆ. ಮೂರ್ ದಿನ ಆಚೆ ಕೂತ್ಕತಳೆ, ನಾನೇ ಅಲ್ವಾ ಊಟ ಕೊಡೋಳು."

"ಅವರು ಹೇಳಲಿ."

ಮಧುಶ್ರೀ ಕಿಟಕಿಯತ್ತ ತಿರುಗಿದಳು. ಕಿಟಕಿಯ ಹೊರಗೆ ಯಾರದೋ ಸ್ಕೂಟರು ಸ್ಟಾರ್ಟ್ ಆಗದೆ ಮತ್ತೆ ಮತ್ತೆ ಕೆಮ್ಮುತ್ತಿತ್ತು. ಡಾಕ್ಟರ್ ಆತುರ ಮಾಡಲಿಲ್ಲ. ಆ ಕಾಗದದ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಒಂದರ ಮೇಲೊಂದು ಹಾಯುವ ಎರಡು ಗೆರೆ ಎಳೆದರು.

"ನಿನ್ನ ಕಣ್ಣು ಚೆನ್ನಾಗಿವೆ ತಾಯಿ. ಕಣ್ಣಿಂದ ಮೆದುಳಿಗೆ ಹೋಗೋ ನರಗಳು ಇಲ್ಲಿ, ಹುಬ್ಬಿನ ಹಿಂದೆ ಒಳಗಡೆ, ಒಂದರ ಮೇಲೊಂದು ಹಾಯ್ತವೆ. ಅದರ ಕೆಳಗೆ ಕಡಲೆಕಾಳಿನಷ್ಟು ಒಂದು ಗ್ರಂಥಿ ಇದೆ. ಅದು ಬೆಳೆದು ಕೆಳಗಿಂದ ಒತ್ತಿದರೆ ಎದುರಿನದು ಕಾಣುತ್ತೆ, ಎರಡೂ ಪಕ್ಕದ್ದು ಕಾಣದೆ ಹೋಗುತ್ತೆ. ಆ ಗ್ರಂಥಿಗೂ ಮುಟ್ಟಿಗೂ ಸಂಬಂಧ ಇದೆ. ಅದಕ್ಕೇ ಕೇಳ್ತಿರೋದು. ಸುಮ್ಮನೆ ಬಿಟ್ಟರೆ ಎದುರಿನದೂ ಹೋಗಬಹುದು."

ಮಧುಶ್ರೀ ಗೆರೆಗಳು ಒಂದನ್ನೊಂದು ಹಾಯುವ ಜಾಗವನ್ನೇ ನೋಡುತ್ತಿದ್ದಳು.

"ಆಗ್ತಿಲ್ಲ," ಎಂದಳು.

"ಎಷ್ಟು ದಿನದಿಂದ?"

"ಹೋದ ವರ್ಷದ ಯುಗಾದಿಗೂ ಮುಂಚಿಂದ."

ಪುಟ್ಟಮಲ್ಲಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. "ಏನಮ್ಮಿ ಇಂಗಂತೀಯಾ? ಹೋದ್ ತಿಂಗ್ಳು ಆಚೆ ಕೂತಿರ್ಲಿಲ್ವಾ ನೀನು? ಮಳೆ ಉಯ್ತಿತ್ತು. ನಾನೇ ಗೋಣಿಚೀಲ ತಂದ್ಕೊಟ್ಟೆ."

"ಸುಮ್ನೆ ಕೂರ್ತಿದ್ದೆ ಅತ್ತೆ."

"ಸುಮ್ನೆ ಅಂದ್ರೆ?"

"ಕೂರ್ದಿದ್ರೆ ನೀವು ಮತ್ತೆ ಪಾಯಸ ಮಾಡ್ತಿದ್ರಿ."

ಮಧುಶ್ರೀ ಸೆರಗನ್ನು ಎದೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡು ಡಾಕ್ಟರಿಗೆ ಇನ್ನೊಂದು ಮಾತು ಹೇಳಿದಳು, ಬಹಳ ಸಣ್ಣ ಧ್ವನಿಯಲ್ಲಿ. ಆದರೆ ಕೋಣೆ ಚಿಕ್ಕದು. ಹೆರದವಳ ಎದೆಯಲ್ಲಿ ಹಾಲು ಬರುತ್ತಿತ್ತು. ಊರಿನಲ್ಲಿ ಇದು ಯಾರ ಕಿವಿಗಾದರೂ ಬಿದ್ದರೆ ಏನೆಂದುಕೊಳ್ಳುತ್ತಾರೋ ಎಂದು ಅವಳು ಎರಡೆರಡು ರವಿಕೆ ತೊಡುತ್ತಿದ್ದಳು.

"ಇದೂ ಅದೇ ಕಾಯಿಲೆಯ ಗುರುತು," ಎಂದರು ಡಾಕ್ಟರ್. "ನಿನ್ನ ತಪ್ಪಲ್ಲ. ಹೇಳಿದ್ದು ಒಳ್ಳೆಯದಾಯ್ತು."

ರಕ್ತ ಪರೀಕ್ಷೆಗೆ ಬರೆದರು, ತಲೆಯ ಸ್ಕ್ಯಾನಿಂಗಿಗೆ ಬರೆದರು. ಮೂರು ದಿನದ ನಂತರ ಎರಡನ್ನೂ ನೋಡಿ ಹೇಳಿದರು. ಗ್ರಂಥಿಯಲ್ಲಿ ಗಡ್ಡೆ ಇದೆ. ಕ್ಯಾನ್ಸರ್ ಅಲ್ಲ. ಈ ಬಗೆಯದು ಹೆಚ್ಚಿನ ಜನರಲ್ಲಿ ಮಾತ್ರೆಗೇ ಕುಗ್ಗುತ್ತದೆ. ಕುಗ್ಗದಿದ್ದರೆ ಆಪರೇಷನ್ ಯೋಚನೆ ಮಾಡೋಣ. ಕಣ್ಣಿನ ಪರೀಕ್ಷೆಗೆ ಮಾತ್ರ ತಪ್ಪಿಸದೆ ಬರಬೇಕು.

"ಮಕ್ಕಳಾಯ್ತವಾ ಡಾಕ್ಟ್ರಮ್ಮ?" ಎಂಬ ಪ್ರಶ್ನೆ ಪುಟ್ಟಮಲ್ಲಮ್ಮನ ಬಾಯಿಗೆ ಬಂದಿತ್ತು. ಬೇರೆ ಮಾತು ಕೇಳಿದಳು. "ಕಣ್ಣು ಪೂರ್ತಿ ಬತ್ತದಾ?"

"ಎಷ್ಟು ಬರುತ್ತೆ ಅಂತ ಈಗಲೇ ಹೇಳಕ್ಕಾಗಲ್ಲ. ಇನ್ನೊಂದು ವರ್ಷ ತಡ ಮಾಡಿದ್ದರೆ ಈ ಮಾತೂ ಹೇಳ್ತಿರಲಿಲ್ಲ."

ಹುಣಸೂರು ನಿಲ್ದಾಣದಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಚೆಲುವರಾಜು ನೀರು ತರಲು ಇಳಿದ. ಮುಂದಿನ ಸೀಟಿನಲ್ಲಿ ಮಧುಶ್ರೀ ಕಿಟಕಿಗೆ ತಲೆ ಒರಗಿಸಿದ್ದಳು. ಪುಟ್ಟಮಲ್ಲಮ್ಮ ಅವಳ ಜಡೆಯನ್ನು ನೋಡುತ್ತ ಕೂತಿದ್ದಳು. ಒಂದೂವರೆ ವರ್ಷ ತಾನು ಯಾರಿಗೆ ತಟ್ಟೆ ತಳ್ಳುತ್ತಿದ್ದೆ? ಆಷಾಢದ ಗಾಳಿಯಲ್ಲಿ, ತಗಡು ಬಡಿದುಕೊಳ್ಳುವ ಆ ಮಾಡಿನಲ್ಲಿ, ಒಬ್ಬಳು ಆಗದ ಮುಟ್ಟಿಗೆ ಮೂರು ಮೂರು ದಿನ ಕೂತಿದ್ದಳು. ನಾಲ್ಕನೆಯ ದಿನ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದಾಗ, ಶುದ್ಧವಾದಳೆಂದು ತಾನು ಒಲೆ ಬಿಟ್ಟುಕೊಡುತ್ತಿದ್ದೆ. ಕೋಪ ಬರಬೇಕಿತ್ತು. ಸುಳ್ಳು ಹೇಳಿದ್ದಾಳೆ. ಪುಟ್ಟಮಲ್ಲಮ್ಮ ಕೋಪಕ್ಕಾಗಿ ತನ್ನೊಳಗೆ ಹುಡುಕಿದಳು. ಅದು ಸಿಗಲಿಲ್ಲ. ಬದಲಿಗೆ, ತಾನು ಸೊಸೆಯಾಗಿ ಬಂದ ವರ್ಷ ಜ್ವರ ಬಂದಾಗಲೂ ಆ ಮಾಡಿನಲ್ಲೇ ಮಲಗಿದ್ದು, ನೀರು ಬೇಕೆಂದು ಕೂಗಲು ನಾಚಿಕೆಯಾಗಿ ಬೆಳಗಿನವರೆಗೆ ಸುಮ್ಮನಿದ್ದದ್ದು ನೆನಪಾಯಿತು. ಅದನ್ನು ಅವಳು ಇಂದಿನವರೆಗೆ ಯಾರಿಗೂ ಹೇಳಿರಲಿಲ್ಲ.

"ಸಾಲಿಗ್ರಾಮಕ್ಕೆ ಯಾವತ್ತು ಬಿಡ್ಬೇಕು ಅವ್ವ?" ನೀರಿನ ಬಾಟಲಿ ಕೊಡುತ್ತ ಚೆಲುವರಾಜು ಕೇಳಿದ. ಅವನ ಧ್ವನಿ ಚುಚ್ಚುವಂತಿತ್ತು.

"ಹಬ್ಬಕ್ಕೆ ಅವ್ರವ್ವನ್ನೇ ಇಲ್ಲಿಗ್ ಬರೇಳು," ಎಂದಳು ಪುಟ್ಟಮಲ್ಲಮ್ಮ.

ಸೋಮವಾರ ಮತ್ತು ಗುರುವಾರ ಊಟವಾದ ಮೇಲೆ ಮಾತ್ರೆ. ಅದನ್ನು ನೆನಪಿಸುವ ಕೆಲಸವನ್ನು ಪುಟ್ಟಮಲ್ಲಮ್ಮ ಯಾರಿಗೂ ಬಿಡಲಿಲ್ಲ. ಮೊದಲ ಮಾತ್ರೆಗಳಿಗೆ ಹೊಟ್ಟೆ ತೊಳಸಿ ಮಧುಶ್ರೀ ಗೋಡೆ ಹಿಡಿದು ಕೂತಾಗ, ಅತ್ತೆ ಮಜ್ಜಿಗೆ ಕದಡಿ ತಂದಳು. ಗ್ರೇಡಿಂಗಿಗೆ ಕೂರುವಾಗ ಎಡಬಲದ ರಾಶಿಗಳನ್ನು ಎಳೆದು ಸೊಸೆಯ ಎದುರಿಗೆ ಹಾಕಿದಳು, ಒಂದರ ಪಕ್ಕ ಒಂದು. "ಇದೇನಕ್ಕ ಹೊಸ ಪದ್ಧತಿ?" ಎಂದು ಚಿಕ್ಕಬಸಮ್ಮ ಕೇಳಿದ್ದಕ್ಕೆ, "ನಮ್ಮನೆ ಪದ್ಧತಿ ಕಣೆ. ನಿನ್ ಕೆಲಸ ನೋಡು," ಎಂದಳು. ಇಬ್ಬರ ನಡುವೆ ಮಾತು ಹೆಚ್ಚಾಯಿತೆಂದು ಹೇಳಲಾಗದು. ಮಾಡಿನ ವಿಷಯವನ್ನು ಇಬ್ಬರೂ ಎತ್ತಲಿಲ್ಲ. ತಿಂಗಳುಗಳು ಹೋದವು. ಮಧುಶ್ರೀ ಆಚೆ ಕೂರಲಿಲ್ಲ. ಪುಟ್ಟಮಲ್ಲಮ್ಮ ಕೇಳಲಿಲ್ಲ.

ಸಂಕ್ರಾಂತಿಗೆ ಮುಂಚೆ ಮೈಸೂರಿಗೆ ಹೋದಾಗ ಹೊಸ ಕಾಗದ ಕೊಟ್ಟರು. ಕಪ್ಪು ಅಂಚಿಗೆ ಸರಿದಿತ್ತು. ಬಲಗಣ್ಣಿನ ಮೇಲಿನ ಮೂಲೆಯಲ್ಲಿ ಒಂದು ತುಂಡು ಮಾತ್ರ ಹಾಗೆಯೇ ಉಳಿದಿತ್ತು. ಅದು ಉಳಿಯಲೂಬಹುದು ಎಂದರು ಡಾಕ್ಟರ್.

ಸಂಕ್ರಾಂತಿ ಕಳೆದು ನಾಲ್ಕು ದಿನಕ್ಕೆ, ವರ್ಷದ ಕೊನೆಯ ಸೊಪ್ಪನ್ನು ಜಗಲಿಯಲ್ಲಿ ಹರಡಿದ್ದರು. ಬೆಟ್ಟದ ಮೇಲಿನ ಮಂಜು ಇನ್ನೂ ಬಿಟ್ಟಿರಲಿಲ್ಲ. ಮಧುಶ್ರೀ ಇದ್ದಕ್ಕಿದ್ದಂತೆ ಕೈಯಲ್ಲಿದ್ದ ಎಲೆ ಕೆಳಗಿಟ್ಟು ಎದ್ದು ಒಳಗೆ ಹೋದಳು. ಹೊರಬಂದಾಗ ಅವಳ ಮುಖದಲ್ಲಿ ಅಳುವೋ ನಗುವೋ ತಿಳಿಯದ ಏನೋ ಇತ್ತು. ಸೊಪ್ಪಿನಿಂದ ದೂರವೇ ನಿಂತಳು.

"ಅತ್ತೆ, ಆಚೆ ಆಗಿವ್ನಿ."

ಪುಟ್ಟಮಲ್ಲಮ್ಮ ಅವಳ ಮುಖವನ್ನೇ ನೋಡಿದಳು.

"ನಿಜ್ವಾಗ್ಲೂ ಅತ್ತೆ," ಎಂದಳು ಮಧುಶ್ರೀ, ಮೆಲ್ಲಗೆ.

ಪುಟ್ಟಮಲ್ಲಮ್ಮ ಎದ್ದು ಅಡುಗೆಮನೆಗೆ ಹೋದಳು. ಮಧುಶ್ರೀ ಚಾಪೆ ತೆಗೆದುಕೊಳ್ಳಲು ಹಿತ್ತಲಿಗೆ ಹೋದಳು. ತಗಡಿನ ಮಾಡಿನ ತುಂಬ ಸೌದೆ. ನೆಲದಿಂದ ತಗಡಿನವರೆಗೆ, ಒಂದು ಸಾಲೂ ಬಾಗದಂತೆ ಒಟ್ಟಿತ್ತು. ಒಂದು ದಿನದ ಕೆಲಸವಲ್ಲ ಅದು. ಚಾಪೆ ಎಲ್ಲೂ ಕಾಣಲಿಲ್ಲ.

ಅವಳು ಜಗಲಿಗೆ ಮರಳಿ, ಕಂಬ ಹಿಡಿದು ನಿಂತಳು. "ಅಲ್ಲಿ ಕೂರಕ್ಕೆ ಜಾಗ ಇಲ್ಲ," ಎಂದಳು, ಯಾರಿಗೆಂದಿಲ್ಲದೆ.

"ಇಲ್ಲ ಕಣಮ್ಮಿ," ಒಳಗಿನಿಂದ ಪುಟ್ಟಮಲ್ಲಮ್ಮನ ಧ್ವನಿ ಬಂತು. "ನಿನ್ ಜಾಗದಲ್ಲಿ ಕೂತ್ಕೋ. ಕೆಲ್ಸ ಅಂಗೇ ಅದೆ."

"ಸೊಪ್ಪು ಕೆಡಲ್ವಾ ಅಕ್ಕ?" ಚಿಕ್ಕಬಸಮ್ಮ ಬಾಗಿಲ ಕಡೆ ಕತ್ತು ಚಾಚಿ ಕೇಳಿದಳು.

"ಕೆಟ್ರೆ ನಂದಲ್ವಾ? ನಿಂಗ್ಯಾಕೆ?"

ಮಧುಶ್ರೀ ಕೂತಳು. ಎದುರಿಗಿದ್ದ ಎರಡು ರಾಶಿಗಳನ್ನು ನೋಡಿ, ಒಂದನ್ನು ಎಡಕ್ಕೂ ಒಂದನ್ನು ಬಲಕ್ಕೂ ಎಳೆದುಕೊಂಡಳು. ಒಂದು ಎಲೆಯನ್ನು ತೊಡೆಯ ಮೇಲಿಟ್ಟು ನೀವತೊಡಗಿದಳು.

ಪುಟ್ಟಮಲ್ಲಮ್ಮ ಕಾಫಿ ಲೋಟ ಹಿಡಿದು ಹೊರಬಂದಳು. ಸದ್ದು ಮಾಡಲಿಲ್ಲ, ಹೆಸರು ಹಿಡಿದು ಕರೆಯಲಿಲ್ಲ. ಸೊಸೆಯ ಎಡಗಡೆ, ಒಂದು ಮೊಳ ದೂರದಲ್ಲಿ ನಿಂತು ಕೈ ಚಾಚಿದಳು. ಲೋಟವನ್ನು ನೆಲದ ಮೇಲಿಡಲಿಲ್ಲ.

ಮಧುಶ್ರೀ ಎಲೆಯಿಂದ ತಲೆ ಎತ್ತದೆಯೇ ಎಡಗೈ ನೀಡಿದಳು. ಲೋಟ ಬಿಸಿಯಾಗಿತ್ತು. ಅದನ್ನು ಹಿಡಿದುಕೊಳ್ಳುವಾಗ ಎರಡು ಕೈಗಳ ಬೆರಳುಗಳು ತಾಗಿದವು.

"ಸಕ್ಕರೆ ಕಮ್ಮಿ ಆಯ್ತಾ ನೋಡು," ಎಂದಳು ಪುಟ್ಟಮಲ್ಲಮ್ಮ.