ಹಿಮದ ಗುಂಡಿಯಲ್ಲಿ ಕೇಳಿದ್ದು

ಕಿಯೊಹಾರು ಮಿತ್ಸುಯೊಳನ್ನು ಮದುವೆಗೆ ಕೇಳಲಿದ್ದಾನೆಂದು ನನಗೆ ಮೊದಲೇ ಗೊತ್ತಿತ್ತು. ಶಿರಾಬಾ ಬೆಟ್ಟದ ತುದಿಯಲ್ಲಿ, ಸಮುದ್ರ ಕಾಣುವ ಕಡೆ ನಿಂತು ಕೇಳುತ್ತೇನೆಂದು ನನ್ನೊಬ್ಬಳಿಗೇ ಹೇಳಿದ್ದ. ಹೊಕ್ಕೈಡೋದ ನಮ್ಮೂರಲ್ಲಿ ಅಂಚೆ ಹಂಚಿ ನಿವೃತ್ತನಾದವನು ಅವನು. ಅವಳು ಊರಿನ ಸಾರ್ವಜನಿಕ ಸ್ನಾನಗೃಹ ನಡೆಸುವವಳು, ವಿಧವೆ, ನನ್ನ ಬಾಲ್ಯದ ಗೆಳತಿ. ಮೂವರಿಗೂ ಅರವತ್ತು ದಾಟಿದೆ. ಆದರೂ ಚಳಿಗಾಲ ಬಂತೆಂದರೆ ಸ್ಕೀ ಕಟ್ಟಿಕೊಂಡು ಬೆಟ್ಟ ಹತ್ತದೆ ಇರಲಾರೆವು.

ಅಂದು ಆಕಾಶ ತೊಳೆದಿಟ್ಟ ಹಾಗಿತ್ತು. ಹೊರಡುವ ಮುಂಚೆ ಮಿತ್ಸುಯೊ ಎಂದಿನಂತೆ ನಮ್ಮ ಬೀಕನ್‌ಗಳನ್ನು ಪರೀಕ್ಷಿಸಿದಳು. ಯಾರಾದರೂ ಹಿಮದಡಿ ಹೂತುಹೋದರೆ ಉಳಿದವರು ಹುಡುಕುವುದು ಅದರ ಸಂಕೇತ ಹಿಡಿದೇ. ಕಿಯೊಹಾರುವಿನದು ಸುಮ್ಮನಿತ್ತು.

"ಕಿಯೊಹಾರು-ಸಾನ್, ಇದೇನು ಒಡವೇನಾ, ಬರೀ ಎದೆ ಮೇಲೆ ಹಾಕ್ಕೊಳ್ಳೋಕೆ? ಆನ್ ಮಾಡಿ."

"ಮನಸ್ಸು ಎಲ್ಲೋ ಇತ್ತು," ಎಂದು ಅವನು ತಡಬಡಾಯಿಸಿದ.

ಕಾಡು ದಾಟುತ್ತಿದ್ದಂತೆ ಎದುರಿಗೆ ಮರವೇ ಇಲ್ಲದ ಕಡಿದಾದ ಇಳಿಜಾರು. ಹಿಂದಿನ ದಿನದ ಗಾಳಿ ಅಲ್ಲಿ ಹೊಸ ಹಿಮವನ್ನು ದಪ್ಪಗೆ ಪೇರಿಸಿತ್ತು. ನಮ್ಮ ಕಾಲಡಿಯ ಹಿಮ ಇದ್ದಕ್ಕಿದ್ದಂತೆ 'ಧೊಪ್' ಎಂದು ಕುಸಿದು ಕೂತಿತು. ಮಿತ್ಸುಯೊ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದಳು.

ಮರಗಳ ಅಂಚಿಗೆ ಸರಿದು, ಹಿಮ ಜಾರುವಂತಿದೆಯೇ ಎಂದು ನೋಡಲು ಗುಂಡಿ ತೋಡಿದೆವು. ಮಿತ್ಸುಯೊ ಅದರ ಗೋಡೆಯಲ್ಲಿ ಹಿಮವನ್ನು ಕಂಬದಂತೆ ಕತ್ತರಿಸಿ, ಮೇಲೆ ಸಲಿಕೆಯಿಟ್ಟು ಮೆಲ್ಲಗೆ ತಟ್ಟಿದಳು. ಮೇಲಿನ ತುಂಡು ಇಡಿಯಾಗಿ ಜಾರಿ ಅವಳ ಮಡಿಲಿಗೇ ಬಿತ್ತು. ಅದರಡಿಯ ಹಿಮ ಸಕ್ಕರೆಯ ಹಾಗೆ ಬಿಡಿಬಿಡಿಯಾಗಿತ್ತು.

"ಮೇಲೆ ಹೋಗೋದು ಬೇಡ. ವಾಪಸ್."

"ಒಬ್ಬೊಬ್ಬರಾಗಿ ಹೋದ್ರೆ?" ಎಂದ ಕಿಯೊಹಾರು.

"ಒಬ್ಬೊಬ್ಬರಾಗಿ ಸಾಯೋಕಾ?"

"ಇವತ್ತೇ ಹೋಗ್ಬೇಕಿತ್ತು..."

"ಯಾಕೆ, ನಾಳೆ ಬೆಟ್ಟ ಎದ್ದು ಓಡಿಹೋಗುತ್ತಾ?"

ಅವನು ದೀನನಾಗಿ ನನ್ನ ಮುಖ ನೋಡಿದ. ಮಾತು ಮರೆಸಲು, ಊಟ ಮಾಡೋಣ ಎನ್ನುತ್ತ ಅವನ ಚೀಲದಿಂದ ಬುತ್ತಿ ತೆಗೆದೆ. "ಅದು ಬೇಡ!" ಎಂದು ಅವನು ಕೂಗುವಷ್ಟರಲ್ಲಿ ಮುಚ್ಚಳ ತೆರೆದಾಗಿತ್ತು. ಒಳಗೆ ಕೆಂಪು ಕಾಳು ಹಾಕಿದ ಅನ್ನ, ಶುಭಕಾರ್ಯಕ್ಕೆ ಮಾತ್ರ ಮಾಡುವ ಕೆಂಪನ್ನ.

"ಇದೇನು? ಯಾರ ಮನೆ ಮದುವೆ?" ಎಂದಳು ಮಿತ್ಸುಯೊ.

ಸೊಂಟದವರೆಗೆ ಗುಂಡಿಯಲ್ಲೇ ನಿಂತಿದ್ದ ಕಿಯೊಹಾರುವಿನ ಕಿವಿ ಕೆಂಪಾಯಿತು. "ನಮ್ಮದು. ಅಂದ್ರೆ... ನೀವು ಒಪ್ಪಿದ್ರೆ. ತುದೀಲಿ ಕೇಳೋಣ ಅಂತಿದ್ದೆ, ಸಮುದ್ರ ಕಾಣುತ್ತಲ್ಲಾ ಅಂತ."

ಮಿತ್ಸುಯೊ ಅವನನ್ನೂ ಗುಂಡಿಯನ್ನೂ ನೋಡಿ ನಗಲು ಶುರುಮಾಡಿದಳು. ನಗುನಗುತ್ತಲೇ ಕಣ್ಣೊರೆಸಿಕೊಂಡಳು. "ಮೊದಲು ಊಟ. ಆಮೇಲೆ ಹುಷಾರಾಗಿ ಕೆಳಗಿಳಿಯೋದು. ಉತ್ತರ ಆಮೇಲೆ." ಆದರೆ ಕೆಂಪನ್ನವನ್ನು ಎರಡು ಸಲ ಬಡಿಸಿಕೊಂಡಳು. ನನಗೆ ಅಷ್ಟು ಸಾಕಿತ್ತು.

ಇಳಿಜಾರು ಕಡಿಮೆಯಿದ್ದ ಕಾಡಿನ ದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಇಳಿದೆವು. ಮೊದಲು ಅವಳು, ಆಮೇಲೆ ನಾನು. ಮೇಲಿನ ಆ ಬೋಳು ಇಳಿಜಾರಿನ ಹಿಮ ಅಂದು ಜಾರಲೇ ಇಲ್ಲ; ಹತ್ತಿದ್ದರೆ ಏನಾಗುತ್ತಿತ್ತೋ ನಮಗೆ ಗೊತ್ತಿಲ್ಲ, ಗೊತ್ತಾಗದಿದ್ದುದಕ್ಕೆ ಬೇಸರವೂ ಇಲ್ಲ. ಕೊನೆಯವನು ಕಿಯೊಹಾರು. ಉತ್ತರ ಕೇಳಲು ಹೆದರಿಕೆಯೋ ಏನೋ, ಮೇಲೆಯೇ ಕಂಬದಂತೆ ನಿಂತಿದ್ದ.

ಮಿತ್ಸುಯೊ ರೇಡಿಯೋ ಬಾಯಿಗೆ ಹಿಡಿದಳು. "ರೀ, ಬರ್ತೀರೋ ಇಲ್ವೋ? ಎಡಗಡೆ ಮರ ಇದೆ, ನಿಧಾನ!"

ಅಷ್ಟು ವರ್ಷ ಮರ್ಯಾದೆಯಿಂದ 'ಕಿಯೊಹಾರು-ಸಾನ್' ಎಂದೇ ಕರೆದ ಬಾಯಿ ಅದು. ನಾನು ಅವಳ ಮುಖ ನೋಡಿದೆ. ಅವಳು ಮರ ನೋಡುತ್ತಿದ್ದಳು.

"ಬಂದೆ ಕಣೇ!" ಎಂದು ಮೇಲಿಂದ ಕೂಗು ಕೇಳಿತು. ಅವನು ಬಂದ, ನಮ್ಮ ಮುಂದೆಯೇ ಮುಗ್ಗರಿಸಿ ಮುಖ ಅಡಿಯಾಗಿ ಬಿದ್ದ, ಗಡ್ಡದ ತುಂಬ ಹಿಮ ಮೆತ್ತಿಕೊಂಡು ನಗುತ್ತ ಎದ್ದ.

ಸಂಜೆ ಮಿತ್ಸುಯೊಳ ಅತ್ತೆಯ ಎದುರು ಇಬ್ಬರೂ ಮಂಡಿಯೂರಿ ಕೂತರು. ತೀರಿಕೊಂಡ ಗಂಡನ ತಾಯಿ ಆಕೆ. ಮಿತ್ಸುಯೊಳಿಗೆ ನಿಜವಾದ ಭಯವಿದ್ದುದು ಆಕೆಯ ಬಗ್ಗೆಯೇ.

"ಈ ಮನುಷ್ಯ ನಮ್ಮಲ್ಲಿ ದಿನಾ ಸ್ನಾನ ಮಾಡಿ ಮಾಡಿ ಚರ್ಮವೇ ಸವೀತು," ಎಂದಿತು ಮುದುಕಿ. "ಈಗ ಬಾಯಿ ಬಂತಾ? ಸರಿ. ನಾಳೆಯಿಂದ ಒಲೆಗೆ ಸೌದೆ ಒಡೆಯೋದು ನಿನ್ನ ಕೆಲಸ." ಆಮೇಲೆ ಸೊಸೆಯ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಿತು. "ಅಳ್ಬೇಡ್ವೇ, ಹುಚ್ಚಿ. ನನಗೂ ಮನೇಲಿ ಜಗಳಕ್ಕೆ ಒಬ್ಬರು ಬೇಕಿತ್ತು."

ಮರುದಿನ ಬೆಳಿಗ್ಗೆ ನಮ್ಮ ಮನೆಯವರೆಗೂ ಕೊಡಲಿಯ ಸದ್ದು ಕೇಳಿಸುತ್ತಿತ್ತು. ಏಟು ಬಿದ್ದಾಗೆಲ್ಲ ಇಬ್ಬರು ಹೆಂಗಸರು ನಗುತ್ತಿದ್ದರು.